ಕೆಂಚಪ್ಪನವರ ಬೆರಳು, ನನ್ನ ತಾಮ್ರದ ತಂತಿ

ವಿಜ್ಞಾನದಲ್ಲಿ ನನಗೆ ಪೂರ್ತಿ ಅಂಕ ಬಂದದ್ದು ಒಂದೇ ಪ್ರಶ್ನೆಗೆ. ತಂತಿಯ ಸುರುಳಿಯೊಳಗೆ ಅಯಸ್ಕಾಂತ ಆಡಿಸಿದರೆ ಹುಟ್ಟುವ ವಿದ್ಯುತ್ತು ಯಾವುದನ್ನು ಅವಲಂಬಿಸಿದೆ? ಸುತ್ತುಗಳ ಸಂಖ್ಯೆ, ಅಯಸ್ಕಾಂತದ ಬಲ, ಆಡಿಸುವ ವೇಗ ಎಂದು ಬರೆದೆ. ತಂತಿಯ ದಪ್ಪವನ್ನು ಮೇಷ್ಟ್ರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಅಂಕದ ಧೈರ್ಯದಲ್ಲೇ ಎಪ್ಪತ್ತರ ದಶಕದಲ್ಲಿ ಭರಮಸಾಗರದಲ್ಲಿ, ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಇಟ್ಟೆ.

ಹಿರೇಗುಂಟನೂರಿನ ಕೆಂಚಪ್ಪನವರು ಕುರಿಯನ್ನೂ ಸಾಕಿಕೊಂಡು ಈರುಳ್ಳಿಯನ್ನೂ ಬೆಳೆಯುವವರು. ಅವರ ಮೋಟಾರು ಬಂದ ದಿನ ಸರಿಯಾದ ತಂತಿ ಮುಗಿದಿತ್ತು. ಚಿತ್ರದುರ್ಗದ ಬಸ್ಸು ಹತ್ತಲು ನನಗೆ ಸೋಮಾರಿತನ. ಇದ್ದ ಸಣ್ಣ ತಂತಿಯನ್ನೇ ಎಣಿಸಿ ಸುತ್ತಿದೆ. ಎಣಿಕೆಯಲ್ಲಿ ಒಂದು ಸುತ್ತೂ ತಪ್ಪಲಿಲ್ಲ. ನನ್ನ ಪ್ರಾಮಾಣಿಕತೆಯೆಲ್ಲ ಅಲ್ಲಿಗೇ ಮುಗಿಯಿತು. ಮೋಟಾರಿನ ಸಂದುಗಳಲ್ಲಿ ಅದು ಎಷ್ಟು ಸಲೀಸಾಗಿ ಕೂತಿತೆಂದರೆ, ನನ್ನ ಕೈಚಳಕಕ್ಕೆ ನಾನೇ ತಲೆದೂಗಿದೆ. ಹಳೆಯ ತಂತಿ ಬಿಚ್ಚುವುದರಿಂದ ಹೊಸದು ಸುತ್ತುವವರೆಗೂ ಕೆಂಚಪ್ಪನವರು ಬಾಗಿಲಲ್ಲಿ ಕೂತು ಕಂಬಳಿಗೆ ಉಣ್ಣೆ ನೂಲುತ್ತ ನೋಡುತ್ತಿದ್ದರು.

ಈರುಳ್ಳಿ ಗಡ್ಡೆ ಕಟ್ಟುವ ಹೊತ್ತು. ಮೂರನೇ ದಿನ ಮೋಟಾರು ಹೊಗೆಯಾಡಿ ನಿಂತಿತು. ಬಾವಿ ತುಂಬ ನೀರು, ಮಡಿಯಲ್ಲಿ ಬಾಡಿದ ಪೈರು. ಅವರು ಮೋಟಾರನ್ನು ಹೊತ್ತು ತಂದಾಗ ಅಂಗಡಿಯಲ್ಲಿ ನಾಲ್ಕು ಗಿರಾಕಿಗಳಿದ್ದರು. ತಪ್ಪನ್ನು ವೋಲ್ಟೇಜಿನ ಮೇಲೆ ಹಾಕಿದೆ. ಆ ಕಾಲದಲ್ಲಿ ಅಷ್ಟು ಅನುಕೂಲದ ಆರೋಪಿ ಇನ್ನೊಬ್ಬನಿರಲಿಲ್ಲ; ಅವನು ಎದುರು ವಾದಿಸುತ್ತಿರಲಿಲ್ಲ.

ಕೆಂಚಪ್ಪನವರು ಕರಕಲು ತಂತಿಯ ತುಂಡೊಂದನ್ನು ನೂಲಿನೆಳೆಯಂತೆ ಎರಡು ಬೆರಳ ನಡುವೆ ಹೊಸೆದು ನೋಡಿದರು. "ಹೂನ್ರಪ್ಪ, ಓಲ್ಟೇಜು ಬಾಳ ಕಮ್ಮಿ ಐತೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ನನಗೆ ಹೋದ ಜೀವ ಬಂತು.

ಗಿರಾಕಿಗಳು ಎದ್ದು ಹೋದ ಮೇಲೆ ತುಂಡನ್ನು ನನ್ನ ಅಂಗೈಗೆ ಹಾಕಿದರು. "ಲೇ ತಮ್ಮ, ಹಿಂದಿನ ಎಳೆ ಇದ್ಕಿಂತ ದಪ್ಪ ಇತ್ತು. ನೂರು ಕುರೀನ ಒಂದೇ ಸಲ ಸಣ್ಣ ಬಾಗ್ಲಾಗೆ ನೂಕಿದ್ರೆ ರೊಪ್ಪ ಉಳೀತೈತೇನಲೇ?"

ಸುತ್ತುಗಳಿಂದ ನೂಕುವ ಬಲ ಹುಟ್ಟೀತು. ಕರೆಂಟು ಹರಿಯುವ ದಾರಿ ಮಾತ್ರ ತಂತಿಯ ದಪ್ಪವೇ. ದಾರಿ ಇಕ್ಕಟ್ಟಾದರೆ ಬಿಸಿ, ಆಮೇಲೆ ಹೊಗೆ. ನನ್ನ ಹೈಸ್ಕೂಲು ಕಲಿಸದ ಪಾಠವನ್ನು ಕುರಿದೊಡ್ಡಿಯ ಬಾಗಿಲು ಅವರಿಗೆ ಕಲಿಸಿತ್ತು. ಮರುದಿನವೇ ಚಿತ್ರದುರ್ಗಕ್ಕೆ ಹೋಗಿ ದಪ್ಪ ತಂತಿ ತಂದು ಸುತ್ತಿಕೊಟ್ಟೆ. ಆದರೂ ಅರ್ಧ ಹೊಲದ ಈರುಳ್ಳಿ ಗೋಲಿ ಗಾತ್ರಕ್ಕೇ ನಿಂತಿತು. ಅದರಲ್ಲೂ ಒಂದು ಕಟ್ಟನ್ನು ಕೆಂಚಪ್ಪನವರು ನನ್ನ ಮನೆಗೆ ಕಳಿಸಿದರು. ಹೆಂಡತಿ ಸಾರು ಮಾಡಿದಳು. ನಾನು ಮಜ್ಜಿಗೆಯಲ್ಲೇ ಊಟ ಮುಗಿಸಿದೆ.

ಆ ನಾಲ್ವರು ಗಿರಾಕಿಗಳಿಗೆ ನಿಜ ಹೇಳುವ ಧೈರ್ಯ ಮಾತ್ರ ಕೊನೆಗೂ ಬರಲಿಲ್ಲ. ಈಗಲೂ ದೀಪ ಮಂಕಾದರೆ ಮನೆಮಂದಿಯೆಲ್ಲ ವೋಲ್ಟೇಜನ್ನು ಬೈಯುತ್ತಾರೆ, ನಾನು ಎದ್ದು ಮೇಣದಬತ್ತಿ ಹುಡುಕುತ್ತೇನೆ. ಒಮ್ಮೆ ಸುಳ್ಳು ಹೊರಿಸಿದ ಮೇಲೆ, ನಿಜವಾಗಿ ಅದರದೇ ತಪ್ಪಿದ್ದಾಗಲೂ ಬೈಯಲು ಬಾಯಿ ಬರುವುದಿಲ್ಲ.