ಟವಲ್ ಕೆಳಗಿನ ಹರಾಜು

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಹಳೆಯ ನಾಣ್ಯ ಕೊಂಡು ಮಾರುತ್ತಿದ್ದೆ. ರಾಯಬಾಗ, ಕಾಗವಾಡ ಎಂದು ಊರೂರು ಅಲೆದು ತಂದದ್ದೆಲ್ಲ ಸವೆದ ಸರಕು. ಪುಣೆಯ ಸಂಗ್ರಾಹಕರೊಬ್ಬರು ಅದನ್ನು ನೋಡಿ ಮೂಗು ಮುರಿದರು. ಯಾರ ಕೈಯಲ್ಲೂ ಸವೆಯದ, ಟಂಕಸಾಲೆಯ ಹೊಳಪು ಉಳಿದಿರುವ, ಬ್ರಿಟಿಷರ ಕಾಲದ ರಾಣಿ ರೂಪಾಯಿ ಒಂದು ತಂದುಕೊಟ್ಟರೆ ಮುಂದೆ ನಿನ್ನ ಹತ್ತಿರವೇ ಕೊಳ್ಳುತ್ತೇನೆ, ಇಲ್ಲದಿದ್ದರೆ ಮತ್ತೆ ಬರುವುದೇ ಬೇಡ ಎಂದರು. ಅಂಥದ್ದೊಂದು ನಿಪ್ಪಾಣಿಯಲ್ಲಿ ಹರಾಜಿಗೆ ಬಂತು. ತೀರಿಕೊಂಡ ತಂಬಾಕು ವ್ಯಾಪಾರಿಯೊಬ್ಬರ ಸಂಗ್ರಹವನ್ನು ಮನೆಯವರು ಮಾರುತ್ತಿದ್ದರು.

ನನ್ನ ಹತ್ತಿರ ಅಷ್ಟು ದುಡ್ಡಿರಲಿಲ್ಲ. ಕೊಟ್ಟವನು ಸೋದರಮಾವ. ಚಿಕ್ಕೋಡಿಯ ದನದ ಪೇಟೆಯಲ್ಲಿ ದಲಾಲಿ ಮಾಡುತ್ತಿದ್ದ ಅವನು ತನ್ನ ಸ್ವಂತ ಎತ್ತಿನ ಜೋಡಿಯನ್ನೇ ಮಾರಿದ. ಕೊಡುವಾಗ ಒಳ್ಳೆಯ ಮಾತೇನೂ ಆಡಲಿಲ್ಲ.

"ಉಳೂ ಎತ್ತ ಕೊಟ್ಟು, ಚಾದ ಅಂಗಡ್ಯಾಗ ನಡೀದ ರೂಪಾಯಿ ತರಾಕ ಹೊಂಟಾನ ನಮ್ಮ ಶ್ಯಾಣ್ಯಾ."

ನನಗೆ ಸಿಟ್ಟು ಬಂತು. ಹಾಗಂತ ದುಡ್ಡು ಬೇಡ ಎನ್ನುವಷ್ಟು ಸಿಟ್ಟೇನಲ್ಲ.

ಹರಾಜು ನಡೆದದ್ದು ಒಂದು ಮಂಗಲ ಕಾರ್ಯಾಲಯದಲ್ಲಿ. ಮಾವನೂ ಜೊತೆಗೆ ಬಂದ. ದನದ ಪೇಟೆಯಲ್ಲಿ ಬೆಲೆಯನ್ನು ಬಾಯಿಂದ ಹೇಳುವ ರೂಢಿಯಿಲ್ಲ. ಕೈ ಮೇಲೆ ಟವಲ್ ಮುಚ್ಚಿ, ಅದರ ಕೆಳಗೆ ಬೆರಳು ಹಿಡಿದು ತಿಳಿಸುತ್ತಾರೆ. ಇಲ್ಲಿ ಎಲ್ಲರೂ ಬೆಲೆ ಕೂಗುವುದನ್ನು ಕೇಳಿ ಅವನಿಗೆ ನಾಚಿಕೆಯೇ ಆಯಿತು.

"ಮರ್ಯಾದಿ ಇಲ್ಲೇನಲೇ ಇವರಿಗೆ?" ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡ.

ನಾನು ಕಾಯುತ್ತಿದ್ದ ರೂಪಾಯಿ ಬಂತು. ಸ್ವಲ್ಪ ಹೊತ್ತಿನಲ್ಲೇ ಉಳಿದವರು ಹಿಂದೆ ಸರಿದರು. ನನ್ನ ಎದುರು ಉಳಿದವರು ಅಥಣಿ ಕಡೆಯ ದ್ರಾಕ್ಷಿ ತೋಟದ ಸಾಹುಕಾರರು. ದುಡ್ಡಿಗೇನೂ ಕೊರತೆ ಇಲ್ಲದವರು. ಅವರು ಏರಿಸಿದಂತೆಲ್ಲ ನಾನು ಉಳಿದ ದುಡ್ಡನ್ನು ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಮಾವ ಎದ್ದು ಹೋಗಿ ಅವರ ಪಕ್ಕದಲ್ಲಿ ಕುಳಿತ. ಹೆಗಲ ಮೇಲಿನ ಟವಲ್ ತೆಗೆದು ಅವರ ಕೈ ಮೇಲೆ ಹಾಕಿ ಬೆರಳು ಹಿಡಿದೇ ಬಿಟ್ಟ. ಹರಾಜು ಕೂಗುವವನು ಬಾಯಿ ತೆರೆದು ನೋಡುತ್ತ ನಿಂತ. ಮಾವ ತಿರುಗಿ ಬಂದು ನನ್ನ ಕಿವಿಯಲ್ಲಿ ಹೇಳಿದ.

"ನಮ್ಮ ಕಡೆ ಎಷ್ಟ ಐತಿ ಅಂತ ಹೇಳಿ ಬಂದೀನಿ."

ಪುಣ್ಯಾತ್ಮ, ಎದುರಾಳಿಗೇ ನಮ್ಮ ತಳ ತೋರಿಸಿ ಬಂದಿದ್ದ. ಇನ್ನು ಅದರ ಮೇಲೆ ಒಂದು ಸಲ ಕೂಗಿದರೆ ಸಾಕು, ನಾಣ್ಯ ಅವರದು. ಪುಣೆಯ ಬಾಗಿಲು ಮುಚ್ಚಿದಂತೆ, ಎತ್ತು ಮಾರಿದ್ದೂ ದಂಡ.

ಸಾಹುಕಾರರು ಮತ್ತೆ ಏರಿಸಿದರು. ನಾನೂ ಏರಿಸಿದೆ. ಹೀಗೇ ನನ್ನನ್ನು ನಮ್ಮ ಗಂಟಿನ ಕೊನೆಯವರೆಗೂ ಎಳೆದು ತಂದರು. ಇದ್ದಷ್ಟನ್ನೂ ಕೂಗಿ ಕಣ್ಣು ಮುಚ್ಚಿದೆ. ಅವರು ಸುಮ್ಮನಾದರು. ರೂಪಾಯಿ ನನ್ನದಾಯಿತು.

ಮುಂದೆ ಅದು ಒಳ್ಳೆಯ ಬೆಲೆಗೆ ಮಾರಾಟವಾಯಿತು, ಪುಣೆಯವರು ಮಾತು ಉಳಿಸಿಕೊಂಡರು, ನನ್ನ ವ್ಯಾಪಾರ ನೆಲೆ ನಿಂತಿತು. ಆದರೆ ಪುಣೆಗೆ ಹೊರಡುವ ಮೊದಲು ಅದನ್ನು ಸಾಹುಕಾರರ ತೋಟಕ್ಕೆ ಒಯ್ದಿದ್ದೆ. ಅಷ್ಟು ಆಸೆಪಟ್ಟವರು ಒಂದು ಸಲವಾದರೂ ಕೈಯಲ್ಲಿ ಹಿಡಿಯಲಿ ಅನಿಸಿತ್ತು. ಅವರು ಅಂಚನ್ನಷ್ಟೇ ಹಿಡಿದು, ಬೆಳಕಿಗೆ ವಾಲಿಸಿ ಬಹಳ ಹೊತ್ತು ನೋಡಿದರು. ನಿಮ್ಮ ಉಪಕಾರ ಮರೆಯುವುದಿಲ್ಲ ಎಂದು ಹೇಳಿ, ಮನಸ್ಸಿನಲ್ಲಿದ್ದದ್ದನ್ನೂ ಕೇಳಿಬಿಟ್ಟೆ.

"ಬಿಡೋದಿತ್ತಂದ್ರ ಅಲ್ಲೀತನಕ ಯಾಕ ಏರಿಸಿದ್ರಿ ಸಾವಕಾರ್ರ?"

"ಕಡಿಮಿಗೆ ಬಿಟ್ಟಿದ್ರ ಸತ್ತವರ ಮನಿಗೆ ಮೋಸ ಮಾಡಿದಂಗ ಆಗತಿತ್ರಿ." ಅವರು ನಾಣ್ಯವನ್ನು ಬಟ್ಟೆಯಲ್ಲಿಟ್ಟು ಮಡಚಿದರು. "ನಿಮ್ಮ ಮಾವನ ಕೈ ನಾ ದನದ ಪ್ಯಾಟ್ಯಾಗ ಎಷ್ಟೋ ವರ್ಷದಿಂದ ಹಿಡದೀನಿ. ಎಂಥಾ ವ್ಯವಹಾರ ಇದ್ರೂ ಕಲ್ಲಿನಂಗ ಇರತಿತ್ತು. ಅವತ್ತ ಟವಲ್ ಕೆಳಗ ಗಡಗಡ ನಡುಗಾಕತ್ತಿತ್ತು. ಅದಕ್ಕ ಬಿಟ್ಟೆ."

ಅಲ್ಲಿಂದ ನಾನು ಪುಣೆಯ ಬಸ್ಸು ಹಿಡಿಯಬೇಕಾಗಿತ್ತು. ಮೊದಲು ಚಿಕ್ಕೋಡಿಗೆ, ಮಾವನ ಮನೆಗೆ ಹೋದೆ.