ಎಂಟು ಸಿರಿಂಜು ಆಯಿಲ್

ನನ್ನ ಮಾವ ಗುಣಪಾಲ ಶೆಟ್ಟರು ಮುಂಬಯಿಯ ಹೋಟೆಲೊಂದರಲ್ಲಿ ಮೂವತ್ತೊಂದು ವರ್ಷ ಚಾ ಹೊಯ್ದವರು. ಗಜ ಎತ್ತರದಿಂದ ಹೊಯ್ದರೂ ಒಂದು ಹನಿ ಹೊರಗೆ ಬೀಳುತ್ತಿರಲಿಲ್ಲವೆಂದು ಅವರೇ ಹೇಳುತ್ತಾರೆ. ಹೋದ ವರ್ಷದಿಂದ ಬಲಗೈ ನಡುಗುತ್ತದೆ. ಅದನ್ನು ಹೇಳುವುದಿಲ್ಲ. ಸ್ಕೂಟರ್ ಬಿಟ್ಟರು. ದಾಡಿಗೆ ಬೀಜಾಡಿಯಿಂದ ಕೋಟೇಶ್ವರದ ಸಲೂನಿಗೆ ಹೋಗತೊಡಗಿದರು. ಇನ್ನು ಅವರದೆಂದು ಉಳಿದಿರುವುದು ಹೆಗಲಿಗೆ ತೂಗಿಕೊಂಡು ಅಂಗಳದ ಹುಲ್ಲು ಕೊಚ್ಚುವ, ಉದ್ದ ಕೊಳವೆಯ ಪೆಟ್ರೋಲ್ ಮಿಷನ್ ಒಂದೇ.

ಹಿಂದಿನ ಸಲ ಅದರ ಆಯಿಲ್ ಬದಲಿಸುವಾಗ ಅರ್ಧ ಆಯಿಲ್ ಜಗಲಿಯ ಬಿಳಿ ಟೈಲ್ಸಿನ ಮೇಲೆ ಹೋಯಿತು. ಸಂದಿನಲ್ಲಿ ಕಲೆ ಈಗಲೂ ಇದೆ. ಅತ್ತೆ ರಾಜೀವಿ ಅದರ ಮೇಲೆ ಚಾಪೆ ಹಾಕಿದ್ದಾರೆ. ಬಂದವರಿಗೆಲ್ಲ ಚಾಪೆ ಎತ್ತಿ ತೋರಿಸುತ್ತಾರೆ. ಅಂಗಳದಲ್ಲಿ ಮಾಡಿ ಎಂದರೆ, ಕಡಲ ಮರಳು ಇಂಜಿನ್ನಿಗೆ ಹೋಗುತ್ತದೆ ಎನ್ನುತ್ತಾರೆ ಮಾವ.

ಇವತ್ತು ಮತ್ತೆ ಬದಲಿಸುವ ದಿನ.

"ಹ್ವಾಯ್, ಇನ್ನೊಂದ್ ಹನಿ ಬಿದ್ರೆ ಮಿಷನ್ ಮಾರುದೇ ಕಾಣಿ," ಎಂದರು ಅತ್ತೆ.

"ನಾನೆಂತ ನಿನ್ನೆ ಹುಟ್ಟಿದ್ನಾ ಮಾರಾಯ್ತಿ?"

ಮಾವ ಎರಡು ನಿಮಿಷ ಮಿಷನ್ ಓಡಿಸಿದರು. ಬಿಸಿಯಾದರೆ ಆಯಿಲ್ ತೆಳುವಾಗಿ ಇಳಿಯುತ್ತದೆ. ಆಫ್ ಮಾಡಿ, ಬ್ಲೇಡ್ ಬಿಚ್ಚಿ, ಮೇಲೆ ನೋಡಿದರು. ಜಗಲಿಯ ಮಾಡಿನ ಪಕ್ಕಾಸಿನಲ್ಲಿ ನನ್ನ ಮಗಳ ತೊಟ್ಟಿಲಿನ ಕೊಕ್ಕೆ.

"ಅನಿಷಾ ಎದ್ಳಾ ಮಗಾ?"

"ಎದ್ಳ್ ಮಾವ."

"ಹಾಂಗಾರೆ ತೊಟ್ಲ್ ಖಾಲಿ ಅಲ್ದಾ."

ತೊಟ್ಟಿಲಿನ ಸೀರೆ ಬಿಚ್ಚಿ, ಅದನ್ನು ಕಟ್ಟಿದ್ದ ಹಗ್ಗಕ್ಕೇ ಮಿಷನ್ ಕಟ್ಟಿದರು. ಕೆಳಗೆ ಅಗಲ ಬಾಯಿಯ ಡಬ್ಬ. ಆಯಿಲ್ ಮುಚ್ಚಳ ತೆಗೆದು, ಉದ್ದ ಕೊಳವೆಯ ತುದಿಯನ್ನು ಹೆಗಲಿನಿಂದ ಮೇಲಕ್ಕೆ ನೂಕಿದರು. ಇಂಜಿನ್ ಬಾಗಿತು, ಕಪ್ಪು ಆಯಿಲ್ ಡಬ್ಬಕ್ಕೆ ಇಳಿಯಿತು. ಕೈಗೆ ಕೆಲಸವೇ ಇರಲಿಲ್ಲ. ನನ್ನ ಸೊಂಟದಲ್ಲಿದ್ದ ಅನಿಷಾ, ತನ್ನ ಜಾಗದಲ್ಲಿ ತೂಗುತ್ತಿದ್ದುದನ್ನು ನೋಡಿ ತುಟಿ ಉಬ್ಬಿಸಿದಳು.

ಹೊಸದು ಹೊಯ್ಯುವುದೇ ಕಷ್ಟ. ಸಣ್ಣ ತೂತು, ಎಂಬತ್ತು ಎಂಎಲ್. ಮಿಷನ್ ಕೆಳಗಿಳಿಸಿ ಮಾವ ಬಾಟ್ಲಿ ಹಿಡಿದರು. ಕೆಳಗಿಟ್ಟರು. ಮತ್ತೆ ಹಿಡಿದರು. ನಾನು ಒಳಗಿನಿಂದ ಅನಿಷಾಳ ಔಷಧದ ಸಿರಿಂಜು ತಂದು ಪಕ್ಕದಲ್ಲಿಟ್ಟೆ. ಸೂಜಿಯಿಲ್ಲದ್ದು, ಹತ್ತು ಎಂಎಲ್‌ನದು.

"ಇದ್ ಎಂತಕ್ಕೆ?"

"ಅಳತೆ ಸರಿ ಆತ್ತಲ್ಲ ಮಾವ. ಎಂಟ್ ಸಲ."

"ಹೌದ್. ಅಳತೆ ಮುಖ್ಯ."

ತುದಿಯನ್ನು ತೂತಿನೊಳಗೆ ಇಟ್ಟು ಒತ್ತಿದರೆ, ಕೈ ಎಷ್ಟು ನಡುಗಿದರೂ ಆಯಿಲ್ ಒಳಗೇ ಹೋಗುತ್ತದೆ. ನಾನು ಎಣಿಸಿದೆ. ಎಂಟಕ್ಕೆ ಮುಚ್ಚಳ ಹಾಕಿದರು. ಸಿರಿಂಜಿನ ಮೇಲೆ 'ಆಯಿಲ್' ಎಂದು ಬರೆದು ಮಿಷನ್ನಿಗೇ ಕಟ್ಟಿದೆ. ಮಗುವಿಗೆ ಹೊಸದು ತರಬೇಕು.

ಅತ್ತೆ ಬಂದು, ಬಗ್ಗಿ, ಟೈಲ್ಸಿನ ಮೇಲೆ ಬೆರಳು ಎಳೆದು ನೋಡಿದರು. ಏನೂ ಹತ್ತಲಿಲ್ಲ. ಒಳಗೆ ಹೋಗಿ ಚಾ ತಂದರು. ಒಂದು ವರ್ಷದಿಂದ ಅವರು ಮಾವನಿಗೆ ಕೊಡುವುದು ಅರ್ಧ ಲೋಟ. ಕೇಳಿದರೆ ಸಕ್ಕರೆ ಕಾಯಿಲೆ ಎನ್ನುತ್ತಾರೆ. ಮಾವನಿಗೆ ಸಕ್ಕರೆ ಕಾಯಿಲೆ ಇಲ್ಲ.

ಇವತ್ತು ಲೋಟ ತುಂಬಿತ್ತು. ಮಾವ ಎತ್ತಿದರು. ಟೈಲ್ಸಿನ ಮೇಲೆ ಎರಡು ಹನಿ ಬಿತ್ತು. ಅವರು ಅತ್ತೆಯ ಮುಖ ನೋಡಿದರು.

"ಚಾ ಅಲ್ದಾ," ಎಂದರು ಅತ್ತೆ. "ಒರ್ಸಿರೆ ಹೋತ್ತ್."