ಪಿನ್ನು ಇರುವ ಹೆಡ್‌ಫೋನು

ಮಾಣಿಕನಗರದಲ್ಲಿ ನನ್ನದೊಂದು ಪೂಜಾ ಸಾಮಾನಿನ ಅಂಗಡಿ. ಊದಿನಕಡ್ಡಿ, ಕರ್ಪೂರ, ಕುಂಕುಮ ಮಾರುತ್ತಲೇ ತಲೆ ಬೆಳ್ಳಗಾಯಿತು. ಗಿರಾಕಿಯ ಮುಖ ನೋಡಿ ಮಾತು ಬದಲಿಸುವ ವಿದ್ಯೆ ನನಗೂ ಗೊತ್ತಿರುವುದರಿಂದ ಇನ್ನೊಬ್ಬ ಅಂಗಡಿಯವನು ಹೇಳಿದ್ದರಲ್ಲಿ ಅರ್ಧವನ್ನಷ್ಟೇ ನಂಬುತ್ತೇನೆ. ಆದರೂ ಹೆಡ್‌ಫೋನು ಕೊಳ್ಳಲು ಹುಮನಾಬಾದಿಗೆ ಹೋದ ದಿನ ಚೆನ್ನಾಗಿಯೇ ಟೋಪಿ ಹಾಕಿಸಿಕೊಂಡು ಬಂದೆ.

ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಮೊಬೈಲ್ ಅಂಗಡಿ. ಜೇಬಿನಿಂದ ನನ್ನ ಹಾಡಿನ ಪ್ಲೇಯರನ್ನು ತೆಗೆದು ಗಾಜಿನ ಮೇಲಿಟ್ಟೆ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು, ಮೂಲೆಗಳಲ್ಲಿ ಬಣ್ಣ ಹೋಗಿದೆ. ಅಂಗಡಿಯವನು ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ.

"ಕಾಕಾ, ಇದು ಇನ್ನಾ ನಡೀತದೇನ್ರಿ? ಈಗ ಎಲ್ಲಾ ಬ್ಲೂಟೂತ್ ಅದ. ವೈರೇ ಬ್ಯಾಡ."

"ನನಗ ವೈರೇ ಬೇಕು. ಪಿನ್ ಇದ್ದದ್ದು ಕೊಡು."

"ಇದ್ರಾಗಿನ ಹಾಡು ನಿಮ್ಮ ಮೊಬೈಲಿಗೆ ಹಾಕಿ ಕೊಡ್ತೀನ್ರಿ. ಎರಡು ಮಿನಿಟಿನ ಕೆಲಸ."

"ಬ್ಯಾಡಪ್ಪ ಬ್ಯಾಡ" ಎಂದು ಪ್ಲೇಯರನ್ನು ಅವನ ಕೈಯಿಂದ ಕಸಿದುಕೊಂಡಂತೆಯೇ ತೆಗೆದುಕೊಂಡೆ. ಎರಡು ಮಿನಿಟಿನ ಕೆಲಸದಲ್ಲಿ ಎಲ್ಲ ಅಳಿಸಿಹೋದರೆ ನಾನು ಯಾರ ಕಾಲು ಹಿಡಿಯಲಿ? ಅದರಲ್ಲಿದ್ದದ್ದು ಪೇಟೆಯಲ್ಲಿ ಸಿಗುವ ಹಾಡಲ್ಲ. ನನ್ನ ಹೆಂಡತಿಯ ದನಿ.

ಅವಳ ಗಂಟಲಿನ ಆಪರೇಷನ್ ಆಗಿ ಎರಡು ವರ್ಷವಾಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಈಗ ಮಾತಾಡಿದರೆ ಬರುವುದು ಗಾಳಿ ಮಾತ್ರ. ಪಕ್ಕದಲ್ಲೇ ಕುಳಿತು ತುಟಿ ನೋಡಿದರೆ ತಿಳಿಯುತ್ತದೆ, ಕೋಣೆಯ ಆಚೆಗೆ ತಿಳಿಯುವುದಿಲ್ಲ. ನನ್ನನ್ನು ಕರೆಯಬೇಕಾದರೆ ಭಜನೆಯ ತಾಳ ಎತ್ತಿಕೊಂಡು ಎರಡು ಸಲ ಬಡಿಯುತ್ತಾಳೆ. ಮನೆಯಲ್ಲಿ ನಾನು ಎಲ್ಲಿದ್ದರೂ ಎದ್ದು ಹೋಗುತ್ತೇನೆ. "ಕಾಕಾಗ ಈಗ ಬರೋಬ್ಬರಿ ತಾಳ ಬಂತು ನೋಡ್ರಿ" ಎಂದು ಓಣಿಯ ಹೆಣ್ಣುಮಕ್ಕಳು ನಗುತ್ತಾರೆ. ನಗಲಿ.

ಅದೇ ತಾಳ ಹಿಡಿದು ಅವಳು ಗುರುವಾರದ ಭಜನೆಯಲ್ಲಿ ಹಾಡುತ್ತಿದ್ದಳು. ದೊಡ್ಡ ದನಿಯೇನಲ್ಲ. ಆದರೆ ಸಾಲು ಮುಗಿದು ಉಳಿದವರೆಲ್ಲ ಬಿಟ್ಟ ಮೇಲೂ ಕೊನೆಯ ಅಕ್ಷರವನ್ನು ಇನ್ನಷ್ಟು ಹೊತ್ತು ಹಿಡಿದಿರುತ್ತಿದ್ದಳು, ಬಿಡಲು ಮನಸ್ಸಿಲ್ಲದವಳ ಹಾಗೆ. ನನ್ನನ್ನು ಬೈಯುವಾಗಲೂ ಹಾಗೆಯೇ ಎಳೆಯುತ್ತಿದ್ದಳು. ಆಗ ನಾನು ಕೇಳಿಯೂ ಕೇಳದವನ ಹಾಗೆ ಪೇಪರ್ ಓದುತ್ತಿದ್ದೆ. ಈಗ ಮನೆ ಎಷ್ಟು ಸುಮ್ಮನಿರುತ್ತದೆಂದರೆ, ಒಂದು ಬೈಗುಳಕ್ಕಾಗಿ ಕಿವಿ ಹಾತೊರೆಯುತ್ತದೆ. ಇದನ್ನು ಗಂಡಸರ ಮುಂದೆ ಹೇಳಿದರೆ ಒಬ್ಬನೂ ನಂಬುವುದಿಲ್ಲ.

ಮೊಬೈಲಿನಲ್ಲಿ ಅವಳ ದನಿ ಇಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಇಲ್ಲ. ಯಾರಾದರೂ ಮೊಬೈಲ್ ಎತ್ತಿ ಹಿಡಿದರೆ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದಳು. ಉಳಿದಿರುವುದು ಈ ಪ್ಲೇಯರಿನಲ್ಲಿರುವ ಒಂದೇ ಒಂದು ರೆಕಾರ್ಡು, ಅದೂ ನನ್ನ ದಡ್ಡತನದಿಂದ ಕೆಟ್ಟದ್ದು.

ಅಂಗಡಿಯಲ್ಲಿ ಭಜನೆ ಹಾಕಲೆಂದು ಹಿಂದೆ ಕೊಂಡಿದ್ದ ಪ್ಲೇಯರು ಅದು. ರೆಕಾರ್ಡ್ ಮಾಡುವ ಗುಂಡಿಯೂ ಇತ್ತು. ಒಂದು ಗುರುವಾರ ನಮ್ಮ ಮನೆಯಲ್ಲಿ ಭಜನೆ ಇದ್ದಾಗ ಗುಂಡಿ ಒತ್ತಿದೆ, ಎಲ್ಲಿಡುವುದೆಂದು ತಿಳಿಯಲಿಲ್ಲ. ಹೆಣ್ಣುಮಕ್ಕಳ ನಡುವೆ ಹೋಗಿ ಇಡಲು ಸಂಕೋಚ. ದೇವರ ಪದ ತುಂಬುವ ವಸ್ತುವನ್ನು ನೆಲದ ಮೇಲೆ ಇಡಲೂ ಮನಸ್ಸಾಗಲಿಲ್ಲ. ಒಯ್ದು ದೇವರ ಜಗಲಿಯ ಮೇಲೆ ಗಂಟೆಯ ಪಕ್ಕದಲ್ಲಿಟ್ಟು ಎರಡು ಹೂವನ್ನೂ ಏರಿಸಿದೆ. ನಮ್ಮ ಜಗಲಿ ಇರುವುದು ಪಡಸಾಲೆಯ ಒಂದು ತುದಿಯಲ್ಲಿ, ಅಡುಗೆಮನೆಯ ಬಾಗಿಲಿಗೆ ಹತ್ತಿಕೊಂಡು. ಹಾಡುವವರು ಕುಳಿತದ್ದು ಇನ್ನೊಂದು ತುದಿಯಲ್ಲಿ. "ಮಶೀನಿಗೂ ಪೂಜಾ ಮಾಡ್ಯಾರ ನೋಡ್ರಿ" ಎಂದು ಅವರೆಲ್ಲ ಬಿದ್ದುಬಿದ್ದು ನಕ್ಕರು. ಆಮೇಲೆ ಹಾಕಿ ಕೇಳಿದರೆ ದೂರದಲ್ಲೆಲ್ಲೋ ಢೋಲಕಿ, ಮೇಲೆ ಒಂದಿಷ್ಟು ಗದ್ದಲ. ಹಾಗೆಯೇ ಬಿಟ್ಟೆ. ಅಳಿಸಲಿಲ್ಲ, ಯಾಕೆಂದರೆ ಅಳಿಸುವುದು ಹೇಗೆಂದು ಗೊತ್ತಿರಲಿಲ್ಲ.

ಈ ವರ್ಷ ಅಂಗಡಿಯ ಡ್ರಾವರು ಸ್ವಚ್ಛ ಮಾಡುವಾಗ ಪ್ಲೇಯರು ಕೈಗೆ ಸಿಕ್ಕಿತು. ಚಾರ್ಜಿಗೆ ಹಚ್ಚಿದೆ, ಬೆಳಕು ಬಂತು. ಅಂದಿನಿಂದ ಅದರ ಹಿಂದೆ ಬಿದ್ದೆ.

ಹುಮನಾಬಾದಿನವನು ಕೊಟ್ಟದ್ದು ಕಿವಿ ಪೂರ್ತಿ ಮುಚ್ಚುವ ಕರಿಯ ಹೆಡ್‌ಫೋನು. "ಬೇಸ್ ನೋಡ್ರಿ ಕಾಕಾ, ಎದಿ ನಡಗತದ" ಎಂದು ತನ್ನ ಮೊಬೈಲಿಗೆ ಚುಚ್ಚಿ ತನ್ನ ಹಾಡು ಕೇಳಿಸಿದ. ಎದೆ ನಡುಗಿತು, ಸುಳ್ಳಲ್ಲ. ಖುಷಿಯಾಗಿ ಮನೆಗೆ ತಂದು ನನ್ನ ರೆಕಾರ್ಡು ಹಾಕಿದರೆ ಢೋಲಕಿ ಎದ್ದು ಕುಣಿಯಿತು. ಹಾಡುವವರೆಲ್ಲ ಗೋಣಿಚೀಲದೊಳಗೆ ಕುಳಿತಿದ್ದರು. ವಾಲ್ಯೂಮ್ ಏರಿಸಿದರೆ ಢೋಲಕಿಯೇ ಏರಿತು. ಊದಿನಕಡ್ಡಿ ಕೊಳ್ಳಲು ಬಂದವರಿಗೆ "ಮೂಸಿ ನೋಡಿ ತಗೊಳ್ರಿ" ಎಂದು ದಿನಾ ಹೇಳುವ ನಾನು, ನನ್ನ ರೆಕಾರ್ಡು ಹಾಕಿ ನೋಡದೆ ಅವನ ಹಾಡಿಗೆ ಮರುಳಾಗಿ ತಂದಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಅವಳು ಎದುರಿಗೆ ಕುಳಿತು ನೋಡುತ್ತಿದ್ದಳು. "ಬಿಡ್ರಿ. ಹೋದದ್ದು ಹೋತು" ಎಂದು ತುಟಿಯಲ್ಲಿ ಹೇಳಿದಳು. ಅದಕ್ಕೂ ಸಿಟ್ಟು ಬಂತು. ಹೋದದ್ದು ಅವಳದೊಂದೇ ಏನು? ಆ ದನಿ ಕೇಳಿಕೊಂಡು ಬದುಕಿದವನು ನಾನಲ್ಲವೇ?

ಬಸವಕಲ್ಯಾಣದಲ್ಲಿ ನನಗೆ ಪರಿಚಯದ ಮೈಕ್‌ಸೆಟ್ಟಿನವರೊಬ್ಬರಿದ್ದಾರೆ. ಮದುವೆ, ಭಜನೆ, ಸಭೆ ಎಂದು ಜೀವಮಾನವೆಲ್ಲ ಬೇರೆಯವರ ದನಿಯನ್ನು ಊರಿಗೆ ಕೇಳಿಸಿದವರು. ಮುಂದಿನ ವಾರ ಅಂಗಡಿಗೆ ಬೀಗ ಹಾಕಿ ಬಸ್ ಹತ್ತಿದೆ. ಒಳ್ಳೆಯ ಹೆಡ್‌ಫೋನು ಬೇಕು ಎಂದರೆ ಅವರು ಒಂದನ್ನೂ ಮುಂದಿಡಲಿಲ್ಲ.

"ಏನು ಕೇಳ್ಬೇಕಾಗ್ಯದ್ರಿ ನಿಮಗ?"

"ಒಂದು ಆವಾಜ್."

"ಯಾರ್ದು?"

ಹೇಳಿದೆ. ರಸ್ತೆಯ ಗದ್ದಲ ಕಡಿಮೆಯಾಗಲೆಂದು ಅವರು ಎದ್ದು ಹೋಗಿ ಷಟರನ್ನು ಅರ್ಧ ಎಳೆದರು. ಆಮೇಲೆ ಪ್ಲೇಯರಿಗಾಗಿ ಕೈ ಚಾಚಿದರು.

ಮೊದಲು ಹಾಕಿಸಿದ್ದು ಅವರು ಮೈಕ್ ಹೊಂದಿಸುವಾಗ ಹಾಕಿಕೊಳ್ಳುವ ದೊಡ್ಡ ಹೆಡ್‌ಫೋನು. ಇದೇ ಎಲ್ಲಕ್ಕಿಂತ ಒಳ್ಳೆಯದಿರಬೇಕು ಎಂದುಕೊಂಡೆ. ಆದರೆ ದನಿ ಬಾವಿಯ ತಳದಲ್ಲಿದ್ದಂತೆ ಬಂತು. "ನಿಮ್ಮ ಸಣ್ಣ ಮಶೀನಿಗೆ ಇದನ್ನ ಎಳಿಲಾಕ ತಾಕತ್ತಿಲ್ರಿ" ಎಂದು ತೆಗೆದಿಟ್ಟರು. ಕಿವಿಯೊಳಗೆ ಇಡುವಂಥದ್ದನ್ನು ಕೊಟ್ಟರು. ಗದ್ದಲವೆಲ್ಲ ಸೂಜಿಯ ಹಾಗೆ ಚುಚ್ಚಿತು. ಕೊನೆಗೆ ಕಪಾಟಿನ ಒಳಗಿನಿಂದ ಹಗುರವಾದದ್ದೊಂದನ್ನು ತೆಗೆದರು. ಅದರ ಹೊರಮೈಯಲ್ಲಿ ಸಣ್ಣ ತಂತಿಯ ಜಾಳಿ.

"ಇದು ಹಿಂದ ಜಾಳಿ ಇದ್ದದ್ರಿ. ಹೊರಗಿಂದು ಒಳಗ ಬರ್ತದ, ಒಳಗಿಂದು ಹೊರಗ ಹೋಗ್ತದ. ಬಸ್ಸಿನಾಗ ಉಪಯೋಗ ಇಲ್ಲ. ಮನ್ಯಾಗ ಸುಮ್ಮ ಕುಂತು ಕೇಳೋರಿಗಿ ಇದೇ ಛಲೋ. ದೂರಿಂದು ದೂರೇ ಕೇಳಸ್ತದ, ಸಮೀಪದ್ದು ಸಮೀಪ."

"ಅಕಿ ಆವಾಜ್ ಬರ್ತದೇನ್ರಿ?"

"ಹೆಡ್‌ಫೋನು ಇಲ್ಲದ್ದನ್ನ ತಂದು ಕೊಡಲ್ರಿ. ಇದ್ದದ್ದನ್ನ ಮುಚ್ಚಬಾರದು, ಅಷ್ಟೇ. ಆವಾಜ್ ಏರಸಬ್ಯಾಡ್ರಿ. ಕಣ್ಣು ಮುಚ್ಚಿ, ಎಲ್ಲಕ್ಕಿಂತ ದೂರ ಏನು ಕೇಳಾಕತ್ತದ, ಅದರ ಕಡೆ ಕಿವಿ ಕೊಡ್ರಿ."

ಕಣ್ಣು ಮುಚ್ಚಿದೆ. ಢೋಲಕಿ ತನ್ನ ಜಾಗದಲ್ಲಿ ಕುಳಿತಿತು. ಪಡಸಾಲೆ ಅಷ್ಟಗಲ ತೆರೆದುಕೊಂಡಿತು. ಬಳೆಗಳ ಸದ್ದು, ಯಾರದೋ ಕೆಮ್ಮು. ನಮ್ಮಲ್ಲಿ ಯಾರ ಮನೆಯಲ್ಲಿ ಭಜನೆಯೋ ಆ ಮನೆಯಾಕೆ ಕೊನೆಯ ಭಜನಾ ಪದವನ್ನು ತಾನು ಮುಂದಾಗಿ ಹೇಳಬೇಕು, ಉಳಿದವರು ಹಿಂದೆ ಹೇಳುತ್ತಾರೆ. ಆ ಮಾನ ಅವಳಿಗೆ ಸಿಗುತ್ತಿದ್ದದ್ದು ನಾಲ್ಕಾರು ತಿಂಗಳಿಗೊಮ್ಮೆ. ಹಿರಿಯಾಕೆಯೊಬ್ಬರು "ಈಗ ನಿನ್ನ ಪಾಳಿ, ಸುರು ಮಾಡವ್ವ" ಎಂದದ್ದು ಸ್ಪಷ್ಟವಾಗಿ ಕೇಳಿತು. ತಾಳ ಬಿತ್ತು. ಅವಳು ಸುರು ಮಾಡಿದಳು.

ಒಂದೇ ಸಾಲು. ನನ್ನ ಮೈಯೆಲ್ಲ ಕಿವಿಯಾಯಿತು. ಅದೇ ದನಿ, ಅದೇ ಎಳೆತ. ಕೊನೆಯ ಅಕ್ಷರವನ್ನು ಅವಳಿನ್ನೂ ಹಿಡಿದಿರುವಾಗಲೇ ಯಾವನೋ ಒಬ್ಬ ಗಂಡಸು ಒರಟಾಗಿ ಕೂಗಿದ: "ಏ, ಚಾ ಆಗಿಲ್ಲೇನ? ಮಂದಿ ಬಂದು ಕುಂತಾರ!"

ಯಾವನಿವನು, ಬುದ್ಧಿಯಿಲ್ಲದವನು ಎಂದುಕೊಂಡೆ. ಕಣ್ಣು ಬಿಟ್ಟೆ. ಆಮೇಲೆ ತಿಳಿಯಿತು. ನಾನೇ.

ತಾಳವನ್ನು ನೆಲಕ್ಕಿಟ್ಟ ಸದ್ದು. ಬಳೆಗಳು ಎದ್ದು ನಡೆದವು. ಬೇರೆ ಯಾರೋ ಪದವನ್ನು ಮುಂದುವರಿಸಿದರು. ಅಂದು ಬಂದ ಮಂದಿ ಯಾರು, ಅವರ ಕೆಲಸವೇನು, ಒಂದೂ ನೆನಪಿಲ್ಲ. ಅವರಿಗಾಗಿ ನಾನು ಅವಳ ಪದವನ್ನು ಒಂದು ಸಾಲಿಗೇ ನಿಲ್ಲಿಸಿದ್ದೆ.

"ಏನಾತ್ರಿ?" ಎಂದರು ಮೈಕ್‌ಸೆಟ್ಟಿನವರು. "ಯಾರೋ ನಡುವ ಬಾಯಿ ಹಾಕ್ಯಾನ್ರಿ" ಎಂದೆ. ಹೆಡ್‌ಫೋನು ತೆಗೆಯಲು ಕೈ ಹೋಗಿತ್ತು, ಆಗ ಇನ್ನೊಂದು ಕೇಳಿತು. ತೀರ ಹತ್ತಿರದಲ್ಲಿ, ಎಡಗಿವಿಯ ಪಕ್ಕದಲ್ಲೇ, ಪಾತ್ರೆಗೆ ನೀರು ಸುರಿದ ಸದ್ದು. ಗ್ಯಾಸು ಹೊತ್ತಿಸಿದ ಸದ್ದು. ಪದ ಮುಂದುವರಿಸಿದವರು ಸಾಲು ಹೇಳಿದರು, ಪಡಸಾಲೆಯವರು ಹಿಂದೆ ಹೇಳಿ ಬಿಟ್ಟರು. ಅವರು ಬಿಟ್ಟ ಮೇಲೂ ಒಂದು ದನಿ ಉಳಿಯಿತು, ಅಡುಗೆಮನೆಯಿಂದ. ಚಹಾ ಮಾಡುತ್ತ ಅವಳು ಹಿಂದೆ ಹೇಳುತ್ತಿದ್ದಳು. ಪದ ಮುಗಿಯುವವರೆಗೂ ಒಂದು ಸಾಲನ್ನೂ ಬಿಡಲಿಲ್ಲ. ಪ್ಲೇಯರು ಹಾಡುವವರ ನಡುವೆ ಇದ್ದಿದ್ದರೆ ಇದೊಂದೂ ಬರುತ್ತಿರಲಿಲ್ಲ.

ಅಳುವುದಕ್ಕೆ ಅದು ಜಾಗವಲ್ಲ, ಆದರೂ ಅತ್ತೆ. ಮೈಕ್‌ಸೆಟ್ಟಿನವರು ಹೆಡ್‌ಫೋನು ತಾವೊಮ್ಮೆ ಹಾಕಿಕೊಂಡು ಕೇಳಿ, ಮೆಲ್ಲಗೆ ಹೇಳಿದರು: "ನಡುವಿನ ಆ ಕೂಗು ಬೇಕಾದ್ರ ಕಟ್ ಮಾಡಿ ಕೊಡ್ತೀನ್ರಿ. ಸಾಫ್ ಆಗ್ತದ."

ಆಸೆಯಾಯಿತು. ಕತ್ತರಿಸಿಬಿಟ್ಟರೆ ಅವಳಿಗೆ ಅದು ಕೇಳಿಸುವುದಿಲ್ಲ, ನಾನೂ ಮರೆತಂತೆ ಇರಬಹುದು. ಅಂಗಡಿಯಲ್ಲಿ ಕಾಯಿಯ ಒಡಕನ್ನು ಹಿಂದೆ ತಿರುಗಿಸಿಟ್ಟು ಮಾರಿದವನೇ ನಾನು. ಆದರೆ ಆ ಕೂಗಿಲ್ಲದಿದ್ದರೆ ಅವಳು ಅಡುಗೆಮನೆಗೆ ಯಾಕೆ ಹೋದಳು?

"ಇರ್ಲಿ ಬಿಡ್ರಿ" ಎಂದೆ. "ಕೂಗಿದಾಂವ ನಾನೇ."

ಅದೇ ಹೆಡ್‌ಫೋನನ್ನು ಅವರು ಹಳೆಯ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಮನೆ ಮುಟ್ಟಿದಾಗ ಸಂಜೆಯ ದೀಪ ಹಚ್ಚಿ ಕುಳಿತಿದ್ದಳು. ಹೆಡ್‌ಫೋನನ್ನು ಅವಳ ಕಿವಿಗೆ ಹಾಕಿದೆ, ಕೂದಲು ಸಿಕ್ಕಿಕೊಳ್ಳದಂತೆ ಸರಿಮಾಡಿದೆ, ಗುಂಡಿ ಒತ್ತಿದೆ. ಮೊದಲು ಬೇಡವೆಂದು ಕೈ ಆಡಿಸಿದಳು. ಆಮೇಲೆ ಕೈ ತೊಡೆಯ ಮೇಲಿಳಿಯಿತು, ಕಣ್ಣು ಮುಚ್ಚಿತು.

ಆ ಕೂಗು ಯಾವಾಗ ಬರುತ್ತದೆಂದು ನನಗೆ ಗೊತ್ತಿತ್ತು. ಜಾಳಿಯಿಂದ ಅದರ ಸಣ್ಣ ಚೂರು ನನಗೂ ಕೇಳಿತು. ಅವಳು ಕಣ್ಣು ತೆರೆದು ನನ್ನನ್ನು ನೋಡಿದಳು. ಹತ್ತಿರವೇ ಇದ್ದೆ, ತುಟಿ ಓದಿದೆ. "ನೆನಪದ ನನಗ" ಎಂದಳು. ಅಷ್ಟೇ. ಅಷ್ಟು ವರ್ಷ ಅದನ್ನು ಇಟ್ಟುಕೊಂಡೇ ನನಗೆ ಚಹಾ ಮಾಡಿ ಕೊಟ್ಟಿದ್ದಳು.

ಕುಳಿತಿರಲಾಗಲಿಲ್ಲ. "ನೀ ಕೇಳಕೋತ ಕೂಡು. ಚಾ ನಾ ಮಾಡ್ತೀನಿ" ಎಂದು ಅಡುಗೆಮನೆಗೆ ಹೋಗಿ, ನೀರಿಟ್ಟು, ಪುಡಿ ಸಕ್ಕರೆ ಹಾಲು ಹಾಕಿದೆ. ಆಗ ಪಡಸಾಲೆಯಿಂದ ತಾಳ ಕೇಳಿತು. ಕರೆಯುತ್ತಿದ್ದಾಳೆಂದು ಬಾಗಿಲಿಗೆ ಬಂದೆ. ತಾಳ ಎರಡಕ್ಕೆ ನಿಲ್ಲಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡೇ ಇದ್ದಳು, ನನ್ನನ್ನು ಕರೆಯುತ್ತಿರಲಿಲ್ಲ. ರೆಕಾರ್ಡಿನೊಳಗೆ ಅಡುಗೆಮನೆಯಲ್ಲಿ ಹಾಡುತ್ತಿದ್ದ ತನಗೆ ತಾನೇ ತಾಳ ಹಾಕುತ್ತಿದ್ದಳು. ಸಾಲಿನ ಕೊನೆಗೆ ಬಾಯಿ ತೆರೆದೇ ಉಳಿಯುತ್ತಿತ್ತು, ಇನ್ನಷ್ಟು ಹೊತ್ತು, ಸದ್ದಿಲ್ಲದೆ.

ನಾನು ದೇವರ ಜಗಲಿಯ ಪಕ್ಕದಲ್ಲಿ ನಿಂತೇ ಇದ್ದೆ. ಹಿಂದೆ ಚಹಾ ಉಕ್ಕಿ ಒಲೆಯೆಲ್ಲ ತುಂಬಿ ನೆಲಕ್ಕಿಳಿಯಿತು. ಸುಟ್ಟ ವಾಸನೆಗೆ ಅವಳು ಕಣ್ಣು ತೆರೆದು ಅಡುಗೆಮನೆಯ ಕಡೆ ನೋಡಿದಳು, ನನ್ನನ್ನು ನೋಡಿದಳು. ಹಿಂದಿನಂತಿದ್ದರೆ ಓಣಿಗೆಲ್ಲ ಕೇಳುವ ಹಾಗೆ ಬೈಯುತ್ತಿದ್ದಳು. ಬೈದಿದ್ದರೆ ನಾನು ಪೇಪರ್ ಓದದೆ, ನಿಂತು, ಕೊನೆಯ ಅಕ್ಷರದವರೆಗೂ ಕೇಳುತ್ತಿದ್ದೆ.